ಬೇಹುಗಾರನ ಕಾದಂಬರಿಗೆ ಬಂದ ಕೆಂಪಿ ದನ

ನಾನು ಬೇಹುಗಾರಿಕೆಯ ಕಾದಂಬರಿ ಬರೆಯುತ್ತೇನೆ ಎಂದರೆ ಕುಂದಾಪುರದಲ್ಲಿ ಯಾರೂ ನಂಬುವುದಿಲ್ಲ. ನನ್ನದು ಕನ್ನಡಕದ ಅಂಗಡಿ. ಬೆಳಿಗ್ಗೆಯಿಂದ ಸಂಜೆಯವರೆಗೆ ಜನರ ಮೂಗಿನ ಮೇಲೆ ಫ್ರೇಮು ಕೂರಿಸಿ, ಕಿವಿಯ ಹಿಂದೆ ಒತ್ತುತ್ತದೆಯೇ ಎಂದು ಕೇಳಿ, ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸುವುದು ನನ್ನ ಕೆಲಸ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಕೌಂಟರಿನ ಕೆಳಗಿನಿಂದ ನೋಟ್‌ಬುಕ್ ತೆಗೆದು ಬರೆಯುತ್ತೇನೆ. ಒಂದು ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರುತ್ತದೆ. ಲೇಖಕರ ಹೆಸರಿನ ಜಾಗದಲ್ಲಿರುವುದು ಗಂಡಸಿನ ಹೆಸರು. ಬೇಹುಗಾರರ ಕತೆಗೆ ಹೆಂಗಸಿನ ಹೆಸರು ಹಾಕಿದರೆ ಓದುಗರು ಅಡುಗೆ ಅಂಕಣ ಎಂದುಕೊಂಡು ಪುಟ ತಿರುಗಿಸಿಯಾರು ಎಂದು ಸಂಪಾದಕರಿಗೆ ಹೆದರಿಕೆ. ನಾನೂ ಜಗಳಕ್ಕೆ ಹೋಗಲಿಲ್ಲ. ಬೇಹುಗಾರರ ಬಗ್ಗೆ ಬರೆಯುವವಳಿಗೆ ಒಂದು ಸುಳ್ಳು ಹೆಸರು ಇದ್ದರೆ ಚಂದವೇ ಅನ್ನಿಸಿತ್ತು.

ಈ ಹುಚ್ಚು ಹಿಡಿಸಿದವರು ನನ್ನ ಅಪ್ಪಯ್ಯ. ನಾವು ಬ್ರಹ್ಮಾವರದಲ್ಲಿದ್ದಾಗ ಬಸ್‌ಸ್ಟ್ಯಾಂಡಿನ ಹತ್ತಿರ ಬಾಡಿಗೆಗೆ ಪುಸ್ತಕ ಕೊಡುವ ಸಣ್ಣ ಅಂಗಡಿ ಇತ್ತು. ಅಪ್ಪಯ್ಯ ಶನಿವಾರ ಅಲ್ಲಿಂದ ಎರಡು ಕಾದಂಬರಿ ತರುತ್ತಿದ್ದರು. ಮುಖಪುಟದಲ್ಲಿ ಯಾವಾಗಲೂ ಒಂದು ಪಿಸ್ತೂಲು, ಒಬ್ಬಳು ಚೆಲುವೆ, ಹಿಂದೆ ಬೆಂಕಿ ಹತ್ತಿದ ವಿಮಾನ. ಅಮ್ಮನ ಕಣ್ಣಿಗೆ ಬೀಳದಿರಲಿ ಎಂದು ಆ ಪುಸ್ತಕಗಳಿಗೆ ಪಂಚಾಂಗದ ರಟ್ಟು ಹಾಕಿ ಓದುತ್ತಿದ್ದರು. ಇವರು ದಿನಕ್ಕೆ ಮೂರು ಗಂಟೆ ಪಂಚಾಂಗ ನೋಡುತ್ತಾರಲ್ಲ, ಇಷ್ಟು ಭಕ್ತಿ ಯಾವಾಗ ಬಂತು ಎಂದು ಅಮ್ಮ ಮೊದಮೊದಲು ಸಂತೋಷಪಟ್ಟಿದ್ದರು.

ನಾನು ಏಳನೇ ತರಗತಿಯಲ್ಲಿದ್ದಾಗ ಅಪ್ಪಯ್ಯನ ಹತ್ತಿರ ಒಮ್ಮೆ ಕೇಳಿದೆ, ಪತ್ತೇದಾರನಿಗೂ ಗೂಢಚಾರನಿಗೂ ಎಂತ ವ್ಯತ್ಯಾಸ ಎಂದು. ಅವರು ಪಂಚಾಂಗ ಮುಚ್ಚಿ ಹೇಳಿದರು: “ಪತ್ತೇದಾರ ಅಂದ್ರೆ ಬೇರೆಯವ್ರನ್ನ ಹುಡ್ಕುವವ. ಗೂಢಚಾರ ಅಂದ್ರೆ ತನ್ನನ್ನೇ ಅಡ್ಗ್ಸಿ ಇಟ್ಕಂಬವ. ಎರಡ್ನೇದೇ ಕಷ್ಟ ಕಾಣ್.” ಇಷ್ಟು ವರ್ಷ ಓದಿ ಬರೆದ ಮೇಲೂ ನನಗೆ ಇದಕ್ಕಿಂತ ಸರಿಯಾದ ಮಾತು ಸಿಕ್ಕಿಲ್ಲ.

ಅಪ್ಪಯ್ಯನ ಕಾದಂಬರಿಗಳಂತೆ ನನ್ನವೂ ಪರದೇಶದಲ್ಲೇ ನಡೆಯುತ್ತಿದ್ದವು. ಮುಂಬೈ ದಾಟಿ ಎಲ್ಲೂ ಹೋಗದ ನಾನು ಭೂಪಟ ಮತ್ತು ಮೊಬೈಲಿನ ಚಿತ್ರಗಳನ್ನು ನೋಡಿಕೊಂಡು ವಿಯೆನ್ನಾದ ಗಲ್ಲಿಗಳಲ್ಲಿ ಕಾರು ಓಡಿಸುತ್ತಿದ್ದೆ. ಮೂರು ವರ್ಷದ ಹಿಂದೆ ಶುರುಮಾಡಿದ ಧಾರಾವಾಹಿಯಲ್ಲಿ ನನ್ನ ನಾಯಕ ಸರಕಿನ ಹಡಗೊಂದರಲ್ಲಿ ಅಡಗಿ ರಾಟರ್‌ಡ್ಯಾಮ್ ಬಂದರಿಗೆ ಬರುತ್ತಾನೆ. ಶತ್ರುಗಳು ಹಡಗು ಹತ್ತುತ್ತಾರೆ. ಅವನು ಡೆಕ್ಕಿನಿಂದ ದಡದ ಕಟ್ಟೆಗೆ, ದಕ್ಕೆಗೆ, ಹಾರಿ, ಕಬ್ಬಿಣದ ಪೆಟ್ಟಿಗೆಗಳ ನಡುವೆ ಓಡಿ ಮಾಯವಾಗುತ್ತಾನೆ. ಬರೆದಾಗ ನನಗೇ ಮೈ ಜುಮ್ಮೆಂದಿತ್ತು.

ಆ ಕಂತು ಬಂದ ಮರುದಿನ ಅಂಗಡಿಗೆ ಫೋನ್ ಬಂತು. ನಂಬರು ಕೊಟ್ಟವರು ಸಂಪಾದಕರೇ.

“ಹ್ವಾಯ್, ಪತ್ರಿಕೆಗೆ ಹಡಗಿನ ಕತಿ ಬರೆಯೂದ್ ನಿಮ್ಮ ಯಜಮಾನ್ರಾ? ಅವ್ರಿಗ್ ಒಂಚೂರ್ ಫೋನ್ ಕೊಡಿ ಕಾಂಬ.”

“ಬರೆಯೂದ್ ನಾನೇ,” ಅಂದೆ.

“ನೀವಾ? ಹೆಂಗ್ಸ್ರಾ? ಆಯ್ಲಿ. ಹಾಂಗಾರೆ ನಿಮ್ಮ ಹತ್ರವೇ ಹೇಳ್ತೆ, ಬೇಜಾರ್ ಮಾಡ್ಕಣ್ಬೇಡಿ. ನಿಮ್ಮ ಹೀರೋ ಸತ್ತ ಅಂತ್ಲೇ ಲೆಕ್ಕ.”

“ಎಂತಕ್ಕೆ?”

“ಸಾಮಾನ್ ಎಲ್ಲ ಇಳ್ಸಿ ಖಾಲಿ ಆದ ಹಡಗ್ ಅಂತ ನೀವೇ ಬರ್ದಿದ್ರಿ. ಖಾಲಿ ಹಡಗ್ ನೀರಿನ ಮೇಲೆ ಮೂರ್ ಮಾಳ್ಗಿ ಎತ್ರಕ್ಕೆ ನಿಂತಿರತ್ತ್ ಮಾರಾಯ್ರೆ. ಅಲ್ಲಿಂದ ಕಲ್ಲಿನ ದಕ್ಕೆಗೆ ಹಾರಿ ಮತ್ತೆ ಓಡ್ದ ಅಂದ್ರೆ, ಅವಂದ್ ಕಾಲಾ, ಸ್ಪ್ರಿಂಗಾ?”

ನನಗೆ ಸಿಟ್ಟು ಬಂತು. ಬಂದ ಸಿಟ್ಟು ನಗುವಾಗಲು ಬಹಳ ಹೊತ್ತು ಬೇಕಾಗಲಿಲ್ಲ. ಮುಂದಿನ ಕಂತಿನಲ್ಲಿ ನಾಯಕನ ಕಾಲಿಗೆ ಪಟ್ಟಿ ಕಟ್ಟಿಸಿದೆ. ಫೋನು ಮಾಡಿದವರು ಮರವಂತೆಯ ಕಡೆಯವರು, ಮೂವತ್ತು ವರ್ಷಕ್ಕೂ ಹೆಚ್ಚು ಸರಕಿನ ಹಡಗುಗಳಲ್ಲಿ ಅಡುಗೆಯವರಾಗಿದ್ದು ನಿವೃತ್ತರಾದವರು. ಅಲ್ಲಿಂದ ಮುಂದೆ ಪ್ರತಿ ವಾರ ಪತ್ರಿಕೆ ಬಂದ ದಿನ ಅವರ ಫೋನು ಗ್ಯಾರಂಟಿ. ಯಾವ ಬಂದರಿನಲ್ಲಿ ಮಂಜು ಯಾವ ತಿಂಗಳು ಬೀಳುತ್ತದೆ, ಹಡಗಿನಲ್ಲಿ ಗಂಟೆ ಹೊಡೆಯುವುದು ಹೇಗೆ, ಕಸ್ಟಮ್ಸಿನವರು ಮೊದಲು ತೆರೆದು ನೋಡುವುದು ಯಾವ ಕಪಾಟು, ಎಲ್ಲವೂ ಅವರ ನಾಲಿಗೆಯ ತುದಿಯಲ್ಲಿತ್ತು. ನಾನು ಅವರನ್ನು ಅಣ್ಣಯ್ಯ ಎಂದು ಕರೆಯತೊಡಗಿದೆ.

“ಫೋನಲ್ಲಿ ಎಷ್ಟ್ ಹೇಳೂದ್? ಒಂದ್ ದಿನ ಮನಿಗ್ ಬನ್ನಿ,” ಎಂದು ಕರೆದರು. ಒಂದು ಭಾನುವಾರ ಬೆಳಿಗ್ಗೆ ಬೈಂದೂರಿನ ಬಸ್ಸು ಹತ್ತಿ ಹೋದೆ. ರಸ್ತೆಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಹೊಳೆ. ಹೊಳೆಯ ಬದಿಗೆ ತೆಂಗಿನ ಮರಗಳ ನಡುವೆ ಅವರ ಮನೆ. ಗಿಡ್ಡ, ದುಂಡಗಿನ ಮನುಷ್ಯ. ನಾನು ಚಪ್ಪಲಿ ಬಿಡುವ ಮೊದಲೇ ನೀರುದೋಸೆಯ ಕಾವಲಿ ಒಲೆಗೇರಿಸಿದ್ದರು. ಅವರ ಹೆಂಡತಿ, ಎತ್ತರದ, ನಗುಮುಖದ ಹೆಂಗಸು, ಮಣೆ ಹಾಕಿ ಕೂರಿಸಿದರು. ತೊಂಬತ್ತರ ಆಸುಪಾಸಿನ ತಾಯಿ ಒಬ್ಬರಿದ್ದಾರೆ, ಆ ದಿನ ಕುಂಭಾಶಿಯ ಮಗಳ ಮನೆಗೆ ಹೋಗಿದ್ದಾರೆ ಎಂದು ತಿಳಿಯಿತು.

ದೋಸೆ ತಿನ್ನುತ್ತ ಅಣ್ಣಯ್ಯನನ್ನು ಕೇಳಿದೆ, ಹಡಗಿನಲ್ಲಿ ನಿಜವಾದ ಬೇಹುಗಾರ ಯಾರಾದರೂ ಸಿಕ್ಕಿದ್ದನೇ ಎಂದು.

“ಬೇಹುಗಾರ ನಂಗೆ ಗೊತ್ತಿಲ್ಲ. ಆದ್ರೆ ಹಡಗಗೆ ಯಾರ್ ಎಂತ ಮಾಡೂಕೆ ಹೊರಟ್ರ್ ಅಂತ ಕ್ಯಾಪ್ಟನ್‌ಗಿಂತ ಮೊದ್ಲ್ ಗೊತ್ತಾಪುದ್ ಕುಕ್‌ಗೆ. ಊಟದ್ ತಟ್ಟೆ ಕಂಡ್ರೆ ಸಾಕ್. ಮುಂದಿನ ಬಂದರಲ್ಲಿ ಹಡಗ್ ಬಿಟ್ಟ್ ಓಡ್ಕ್ ಅಂತ ಇದ್ದವ ಎರಡ್ ದಿನ ಮೊದ್ಲೇ ಸರಿ ಊಟ ಮಾಡ್ತಿಲ್ಲ. ಬ್ರೆಡ್ ಮಾತ್ರ ಜೇಬಿಗ್ ಹಾಕ್ತ. ನಾ ಮೂರ್ ಜನ್ರನ್ನ ಹಾಂಗೇ ಗುರ್ತ್ ಹಿಡ್ದಿದೆ.”

“ಕ್ಯಾಪ್ಟನ್‌ಗೆ ಹೇಳಿದ್ರಾ?”

“ಎಂತಕ್ಕ್ ಹೇಳೂದ್? ಇನ್ನೆರಡ್ ಬ್ರೆಡ್ ಕೊಟ್ಟೆ.”

ನಾನು ನೋಟ್‌ಬುಕ್ ತೆಗೆದು ಬರೆದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವರ ಹೆಂಡತಿ ಚಟ್ನಿ ಬಡಿಸುತ್ತ, “ನಾ ಒಂದ್ ಹೇಳ್ಲಕ್ಕಾ?” ಅಂದರು. “ಇವ್ರ್ ಓದಿ ಹೇಳ್ತ್ರ್, ನಾ ಕೇಂತೆ. ನಿಮ್ಮ ಕತಿಯ ಗಂಡಿಗೆ ಮನಿ ಇಲ್ಯಾ? ಇಪ್ಪತ್ತ್ ವಾರ ಆಯ್ತ್, ಅವ ಒಂದ್ ಹೊತ್ತ್ ಸರಿ ಉಂಡದ್ದಿಲ್ಲ. ಅವ ಎಲ್ಲಿ ಇದ್ದ ಅಂತ ಕೇಂಬವ್ರ್ ಇಲ್ಲ. ಒಂದ್ ಕಾಗ್ದ ಬರೆಯೂಕೂ ಯಾರಿಲ್ಲ. ಅಂಥವ ಸತ್ತ್ರೆಂತ, ಬದ್ಕಿರೆಂತ ತಂಗಿ?”

ಗುಂಡು ಹೊಡೆದ ಹಾಗೆ ಆಯಿತು. ಅಪ್ಪಯ್ಯ ಓದಿದ, ನಾನು ಓದಿದ ಕಾದಂಬರಿಗಳನ್ನೆಲ್ಲ ಮನಸ್ಸಿನಲ್ಲೇ ತಿರುವಿ ಹಾಕಿದೆ. ಯಾವ ನಾಯಕನಿಗೂ ಅಮ್ಮನಿಲ್ಲ. ಕಾಗದ ಬಂದರೆ ಕೇಂದ್ರ ಕಚೇರಿಯಿಂದ ಮಾತ್ರ, ಅದೂ ಓದಿದ ಕೂಡಲೇ ಸುಟ್ಟುಬಿಡಬೇಕು. “ಗೂಢಚಾರ ಮನೆಗೆ ಕಾಗದ ಬರೆದರೆ ಗುಟ್ಟು ಹೊರಬೀಳುತ್ತದಲ್ಲ ಅಕ್ಕ?” ಎಂದು ಅಳುಕುತ್ತಲೇ ಕೇಳಿದೆ.

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡು ನಗತೊಡಗಿದರು. “ಗುಟ್ಟ್ ಹೊರಗ್ ಬೀಳ್ದೆ ಕಾಗ್ದ ಬರೆಯೂದ್ ನಮ್ಮತ್ರ ಕಲೀಕ್,” ಎಂದರು ಅಣ್ಣಯ್ಯ. ಆಮೇಲೆ ಅವರು ಹೇಳಿದ ಕತೆ ಇದು.

ಮದುವೆಯಾಗಿ ಮೂರೇ ತಿಂಗಳಿಗೆ ಅಣ್ಣಯ್ಯನಿಗೆ ಮೊದಲ ಹಡಗು ಸಿಕ್ಕಿತು. ಹದಿನೈದು ತಿಂಗಳ ಕರಾರು. ಆಗ ಮನೆಯಲ್ಲಿ ಎಂಟು ಮಂದಿ. ಹಡಗಿನಿಂದ ಕಾಗದ ಬಂದರೆ ಚಾವಡಿಯಲ್ಲಿ ಎಲ್ಲರೂ ಕೂತು ಕೇಳುವುದು ಪದ್ಧತಿ. ಅತ್ತೆಗೆ ಓದಲು ಬಾರದು. ಸೊಸೆಗೆ ಬರುತ್ತಿತ್ತು, ಆದರೆ ಅವಳು ನಡುನಡುವೆ ನುಂಗಿ ಓದಿದರೆ ಎಂಬ ಅನುಮಾನಕ್ಕೆ ಅತ್ತೆ ಪಕ್ಕದ ಮನೆಯ ಮೇಷ್ಟ್ರನ್ನು ಕರೆಸುತ್ತಿದ್ದರು. ಮಾರುತ್ತರ ಬರೆಯುವುದು ಸೊಸೆ, ಹೇಳಿ ಬರೆಸುವುದು ಅತ್ತೆ; ಕೊನೆಗೆ ಮನೆಯ ಸುದ್ದಿಯ ಒಂದೆರಡು ಸಾಲು ಮಾತ್ರ ಸೊಸೆಯದು. ಅಂಟಿಸುವ ಮೊದಲು ಮೇಷ್ಟ್ರು ಕಾಗುಣಿತದ ತಪ್ಪು ನೋಡುವ ನೆಪದಲ್ಲಿ ಪೂರ್ತಿ ಓದುತ್ತಿದ್ದರು. ಯಾವ ದೇಶದ ಗುಪ್ತಚರ ಇಲಾಖೆಯಲ್ಲೂ ಇಷ್ಟು ಬಿಗಿಯಾದ ತಪಾಸಣೆ ಇರಲಿಕ್ಕಿಲ್ಲ.

ಇದು ಹೀಗೇ ಆಗುತ್ತದೆಂದು ಗೊತ್ತಿದ್ದ ಗಂಡ ಹೆಂಡತಿ ಹೊರಡುವ ಮೊದಲೇ ಬಾವಿಕಟ್ಟೆಯಲ್ಲಿ ನಿಂತು ಸಂಕೇತ ಗೊತ್ತುಮಾಡಿಕೊಂಡರು. ಕೊಟ್ಟಿಗೆಯಲ್ಲಿ ಕೆಂಪಿ ಎಂಬ ದನ ಇತ್ತು. ಕಾಗದದಲ್ಲಿ ಕೆಂಪಿ ಎಂದರೆ ಹೆಂಡತಿ. ‘ಕೆಂಪಿ ಸರಿಯಾಗಿ ಹುಲ್ಲು ತಿನ್ನುತ್ತದೆಯೇ’ ಎಂದರೆ ನೀನು ಊಟ ಮಾಡುತ್ತೀಯಾ ಎಂದರ್ಥ. ಬಾವಿಯ ನೀರು ಎಂದರೆ ಅಳು. ‘ಬಾವಿಯಲ್ಲಿ ನೀರು ಮೇಲೆ ಬಂದಿದೆ’ ಎಂದು ಹೆಂಡತಿ ಬರೆದರೆ, ನೀವಿಲ್ಲದೆ ಅಳು ತಡೆಯಲಾಗುತ್ತಿಲ್ಲ ಎಂದು ತಿಳಿಯಬೇಕು. ಮೂರನೆಯದು ಮೇಷ್ಟ್ರ ಕೆಮ್ಮು. ‘ಮೇಷ್ಟ್ರಿಗೆ ಈ ತಿಂಗಳು ಕೆಮ್ಮು ಜಾಸ್ತಿ’ ಎಂದರೆ ಅತ್ತೆಯ ಬೈಗುಳ ಜಾಸ್ತಿ. ಪಾಪ ಮೇಷ್ಟ್ರು ಪ್ರತಿ ಕಾಗದದಲ್ಲೂ ತಮ್ಮ ಕೆಮ್ಮಿನ ವಿಚಾರಣೆ ಓದಿ, ಹಡಗು ಹತ್ತಿದರೂ ನನ್ನನ್ನು ಮರೆಯಲಿಲ್ಲವಲ್ಲ ಎಂದು ಕಣ್ಣು ಒರೆಸಿಕೊಳ್ಳುತ್ತಿದ್ದರಂತೆ.

ಎರಡು ತಿಂಗಳು ಎಲ್ಲ ಸರಿಯಾಗಿ ನಡೆಯಿತು. ಆಮೇಲೆ ಒಂದು ದಿನ ಅತ್ತೆ ಕಾಗದ ಬರೆಸುತ್ತ, “ಕೆಂಪಿ ಗಬ್ಬ ಆಯಿತ್ ಅಂತ ಬರಿ,” ಎಂದರು. ದನ ನಿಜವಾಗಿಯೂ ಗಬ್ಬವಾಗಿತ್ತು. ಸೊಸೆಯ ಕೈ ನಿಂತುಹೋಯಿತು. ಬರೆಯುವುದಿಲ್ಲ ಎನ್ನಲು ಕಾರಣ ಏನು ಕೊಡುವುದು? ಕೊನೆಗೆ ಉಪಾಯ ಮಾಡಿ ‘ನಿಜವಾದ ಕೆಂಪಿ ಗಬ್ಬವಾಗಿದೆ’ ಎಂದು ಬರೆದರು. ಮೇಷ್ಟ್ರು ಓದಿ, “ದನದಗೆ ನಿಜದ್ದ್, ಸುಳ್ಳಿಂದ್ ಅಂತ ಇತ್ತಾ?” ಎಂದು ಆ ಪದವನ್ನು ಓದಲಾಗದಂತೆ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು.

ಕಾಗದ ಹಡಗಿಗೆ ಮುಟ್ಟಿತು. ಅಣ್ಣಯ್ಯ ಓದಿದವರೇ ಅಡುಗೆಮನೆಯಲ್ಲಿ ಕುಣಿದರು. ಇದ್ದ ಹಾಲನ್ನೆಲ್ಲ ಸುರಿದು ಇಡೀ ಹಡಗಿಗೆ ಶಾವಿಗೆ ಪಾಯಸ ಮಾಡಿದರು. ಕ್ಯಾಪ್ಟನ್ ಕೈಕುಲುಕಿ ಬೆನ್ನು ತಟ್ಟಿದ. ಅಣ್ಣಯ್ಯ ಕೈಕಾಲು ಹಿಡಿದು ರಜೆ ಗಿಟ್ಟಿಸಿ, ಹಡಗು ಮುಂಬೈಗೆ ಬಂದಾಗ ಇಳಿದುಬಿಟ್ಟರು. ಮಗುವಿನ ಫ್ರಾಕು, ಗಿಲಕಿ, ಹಾಲಿನ ಬಾಟಲಿ ಹಿಡಿದುಕೊಂಡು ಮರವಂತೆಯಲ್ಲಿ ಬಸ್ಸಿನಿಂದ ಇಳಿದು ಓಡಿಬಂದರೆ, ಹೆಂಡತಿ ಬಾವಿಯ ಹತ್ತಿರ ಎರಡು ಕೊಡಪಾನ ಎತ್ತಿಕೊಂಡು ನಿಂತಿದ್ದರು. “ಹ್ವಾಯ್, ಭಾರ ಎತ್ತೂಕಾಗ!” ಎಂದು ಇವರು ಕೂಗಿದರು. ಹೆಂಡತಿ ಬೆಚ್ಚಿ ಕೊಡಪಾನ ಬಿಟ್ಟರು. ಚಾವಡಿಯಲ್ಲಿ ಕೂತಿದ್ದ ತಾಯಿ ಮಾತ್ರ ಏನೂ ಆಗದವರಂತೆ, “ಬಂದ್ಯಾ ಮಗಾ? ಕೆಂಪಿ ಕೊಟ್ಗಿಯಲ್ಲಿತ್. ಹೋಯಿ ಕಂಡ್ಕಂಡ್ ಬಾ,” ಎಂದರಂತೆ.

ನಾನು ನಕ್ಕು ನಕ್ಕು ದೋಸೆ ಗಂಟಲಿಗೆ ಸಿಕ್ಕಿತು. ಆ ಫ್ರಾಕು ಒಂದೂವರೆ ವರ್ಷ ಪೆಟ್ಟಿಗೆಯಲ್ಲಿದ್ದು ಕೊನೆಗೆ ಮಗಳಿಗೆ ಆಯಿತು ಎಂದು ಅಕ್ಕ ಹೇಳಿದರು.

ಹೊರಡುವಾಗ ಕೇಳಿದೆ, ಇದನ್ನು ಕಾದಂಬರಿಯಲ್ಲಿ ಬಳಸಿಕೊಳ್ಳಲೇ ಎಂದು. ಅಣ್ಣಯ್ಯ ಕೂಡಲೇ ಹೂಂ ಎಂದರು. ಅಕ್ಕ ಸ್ವಲ್ಪ ಯೋಚಿಸಿ, “ದನ, ಬಾವಿ ಬರ್ಕಣಿ. ಕೆಮ್ಮ್ ಮಾತ್ರ ಬ್ಯಾಡ. ಇವ್ರ್ ಪತ್ರಿಕೆ ಓದೂದ್ ಅತ್ತಿಯೂ ಕೇಂತ್ರ್,” ಎಂದರು.

ಮುಂದಿನ ವಾರದಿಂದ ನನ್ನ ಕಾದಂಬರಿ ದಿಕ್ಕು ಬದಲಿಸಿತು. ನಾಯಕನಿಗೆ ಊರಿನಲ್ಲಿ ಹೆಂಡತಿ ಬಂದಳು, ಕಾಗದದ ಗುಟ್ಟು ತಿಳಿಯದ ಅತ್ತೆಯೂ ಬಂದಳು. ಅವನು ಅವಳಿಗೆ ದನದ ಯೋಗಕ್ಷೇಮ ಕೇಳಿ ಕಾಗದ ಬರೆದ. ಶತ್ರುಗಳು ಆ ಕಾಗದ ಕದ್ದು, ಕೆಂಪಿ ಎಂದರೆ ಯಾವ ಕ್ಷಿಪಣಿ ಎಂದು ತಲೆ ಕೆಡಿಸಿಕೊಂಡರು. ಮೂರು ವಾರ ಒಂದೂ ಗುಂಡು ಹಾರಲಿಲ್ಲ. ಸಂಪಾದಕರು ಫೋನು ಮಾಡಿ, “ಮೇಡಂ, ಪಿಸ್ತೂಲ್ ಎಲ್ಲಿ ಹೋಯಿತು? ಇಡೀ ಕಂತಿನಲ್ಲಿ ಹುಲ್ಲು, ಹಿಂಡಿ!” ಎಂದು ಗೋಳಾಡಿದರು. ಇನ್ನೆರಡು ವಾರ ನೋಡಿ ಎಂದೆ. ಧೈರ್ಯ ಮಾತಿನಲ್ಲಿ ಮಾತ್ರ ಇತ್ತು, ಹೊಟ್ಟೆಯಲ್ಲಿರಲಿಲ್ಲ.

ದನ ಗಬ್ಬವಾದ ಕಂತು ಬಂದ ದಿನ ಅಣ್ಣಯ್ಯನ ಫೋನು ಬರಲಿಲ್ಲ. ಮರುದಿನ ಬಂತು, ಧ್ವನಿ ತಗ್ಗಿತ್ತು. “ಅಬ್ಬಿ ನಿಮ್ಮನ್ನ ಬಪ್ಪುಕ್ ಹೇಳಿರ್. ಎಂತಕ್ಕೆ ಅಂತ ಹೇಳ್ತಿಲ್ಲ. ನಮ್ಮತ್ರ ಮಾತೂ ಆಡ್ತಿಲ್ಲ.” ಅಬ್ಬಿ ಎಂದರೆ ಅವರ ತಾಯಿ. ಮನೆಯ ಗುಟ್ಟು ಬೀದಿಗೆ ಹಾಕಿದಳು ಎಂದು ಬೈಸಿಕೊಳ್ಳಲು ಸಿದ್ಧಳಾಗಿಯೇ ಬಸ್ಸು ಹತ್ತಿದೆ.

ಸಣ್ಣ ದೇಹದ ಅಜ್ಜಿ, ಚಾವಡಿಯ ಕಂಬಕ್ಕೆ ಒರಗಿ ಎಲೆ ಅಡಿಕೆ ಕುಟ್ಟುತ್ತಿದ್ದರು. ಮಗ ಒಂದು ಬಾಗಿಲಲ್ಲಿ, ಸೊಸೆ ಇನ್ನೊಂದು ಬಾಗಿಲಲ್ಲಿ ನಿಂತಿದ್ದರು.

“ಕೂಕೊ ಹೆಣ್ಣೆ,” ಎಂದರು ಅಜ್ಜಿ. “ನಿನ್ನ ಕತಿಯಗೆ ಒಂದ್ ತಪ್ಪಿತ್. ಅತ್ತಿ ಪೆದ್ದಿ ಅಂತ ನೀ ಬರ್ದಿದ್ದೆ.”

ಅಜ್ಜಿ ಗಲ್ಲದಿಂದಲೇ ಮಗನ ಕಡೆ ತೋರಿಸಿದರು.

“ಇವ ಸಣ್ಣವ ಇದ್ದಾಗ ಕೊಟ್ಗಿ ಬದಿಗ್ ಮುಖ ಹಾಕ್ದವ ಅಲ್ಲ. ಸಗಣಿ ಕಂಡ್ರೆ ಮೂಗ್ ಮುಚ್ಚವ. ಹಡಗ್ ಹತ್ತಿದ್ ಕೂಡ್ಲೇ ಕೆಂಪಿ ಉಂಡಿತಾ, ಕೆಂಪಿ ನಿದ್ರಿ ಮಾಡಿತಾ ಅಂತ ಕೇಂಬುಕ್ ಶುರು ಮಾಡ್ದ. ಮೇಷ್ಟ್ರ್ ಆ ಸಾಲ್ ಓದ್ವಾಗ ಇವ್ಳ ಕಿವಿ ಕೆಂಪ್ ಆತಿದಿತ್ತ್. ಮೂರ್ನೇ ಕಾಗ್ದಕ್ಕೇ ನಂಗ್ ತಿಳೀತ್, ಕೆಂಪಿ ಯಾರ್ ಅಂತ.”

ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. “ಹಾಂಗಾರೆ ಅತ್ತಿ, ದನ ಗಬ್ಬ ಆಯಿತ್ ಅಂತ ಬರ್ಸದ್ದ್…?”

“ಬೇಕಂದೇ ಬರ್ಸದ್ದ್,” ಎಂದರು ಅಜ್ಜಿ, ಕುಟ್ಟುವುದನ್ನು ನಿಲ್ಲಿಸದೆ. “ನೀ ದಿನಾ ಕೊಟ್ಗಿಗ್ ಹೋಯಿ ಮರ್ಕುದ್, ಕಣ್ಣ್ ಒರ್ಸ್ಕಂಬುದ್ ನಂಗ್ ಕಾಂತಿದಿತ್ತ್. ಸೊರಗಿ ಕಡ್ಡಿ ಆಯಿದೆ. ಮಗಾ ಬಾ ಅಂತ ನಾ ಬರ್ಸಿರೆ ಅವ ಬಪ್ಪ ಜನವಾ? ಕೆಲ್ಸ, ಕರಾರ್ ಅಂತ ಹೇಳ್ತಿದ್ದ. ಹೇಂಗೂ ದನ ಗಬ್ಬ ಆದ್ದ್ ಹೌದ್. ನಾ ಸುಳ್ಳ್ ಹೇಳ್ಲಿಲ್ಲ.”

ಅಣ್ಣಯ್ಯ ಹೊಸ್ತಿಲ ಮೇಲೆ ಕುಸಿದು ಕುಳಿತರು. “ಅಬ್ಬೀ, ಇಡೀ ಹಡಗಿಗೆ ಪಾಯಸ ಮಾಡಿದ್ದೆ ನಾನ್!”

“ಉಂಡವ್ರಿಗ್ ಪುಣ್ಯ ಬಂತ್,” ಎಂದರು ಅಜ್ಜಿ.

ನಲವತ್ತು ವರ್ಷ! ನಲವತ್ತು ವರ್ಷ ಈ ಹೆಂಗಸು ಒಂದು ಮಾತೂ ಹೊರಗೆ ಬಿಡದೆ ಕೂತಿದ್ದರು. ನಾನು ಓದಿದ ಕಾದಂಬರಿಗಳಲ್ಲಿ ಶತ್ರುವಿನ ಸಂಕೇತ ಬಿಡಿಸಿ, ಅದೇ ಸಂಕೇತದಲ್ಲಿ ಸುದ್ದಿ ಕಳಿಸಿ, ಬೇಕಾದವನನ್ನು ಬೇಕಾದ ಜಾಗಕ್ಕೆ ಕರೆಸಿಕೊಳ್ಳುವ ಚಾಣಾಕ್ಷರು ಬರುತ್ತಾರೆ. ಅವರಿಗೆ ದೊಡ್ಡ ಕಟ್ಟಡ, ಯಂತ್ರ, ನೂರು ಜನ ಗುಮಾಸ್ತರು ಇರುತ್ತಾರೆ. ಇವರು ಆ ಕೆಲಸವನ್ನು ಅಕ್ಷರ ಬಾರದೆ, ಮಗನ ಸ್ವಭಾವ ಮತ್ತು ಸೊಸೆಯ ಕಿವಿಯ ಬಣ್ಣ ನೋಡಿ ಮಾಡಿದ್ದರು. ಅದೂ ಸೊಸೆಯ ಮೇಲಿನ ಮರುಕಕ್ಕೆ. ಅಕ್ಕ ಬಂದು ಅತ್ತೆಯ ಕಾಲ ಬಳಿ ಕೂತರು. ನಗುತ್ತಿದ್ದರು, ಕಣ್ಣಲ್ಲಿ ನೀರೂ ಇತ್ತು. ಅಜ್ಜಿ ಕುಟ್ಟಿದ ಎಲೆ ಅಡಿಕೆಯಲ್ಲಿ ಒಂದು ಚೂರು ಅವರ ಬಾಯಿಗೂ ಇಟ್ಟರು.

ಆಮೇಲೆ ಅಜ್ಜಿ ನನ್ನ ಕಡೆ ತಿರುಗಿದರು. “ಒಂದ್ ಮಾತ್ರ ನಂಗ್ ಇವತ್ತಿಗೂ ಬಗೆಹರೀಲಿಲ್ಲ. ಮೇಷ್ಟ್ರ ಕೆಮ್ಮ್ ಎಂತಕ್ಕೆ ಎಲ್ಲಾ ಕಾಗ್ದದಗೂ ಬತ್ತಿದಿತ್ತ್? ನಿಂಗೇನಾರೂ ಹೇಳಿರಾ ಇವ್ರ್?”

ಅಣ್ಣಯ್ಯ ರಸ್ತೆಯಾಚೆಯ ಕಡಲನ್ನು ನೋಡಿದರು. ಅಕ್ಕ, ಒಲೆಯ ಮೇಲಿಟ್ಟ ಸಾರು ನೆನಪಾದವರಂತೆ, ಎದ್ದು ಒಳಗೆ ನಡೆದರು.

“ಇಲ್ಲ ಅಮ್ಮ,” ಅಂದೆ. “ಮೇಷ್ಟ್ರಿಗೆ ನಿಜವಾಗಿಯೂ ಕೆಮ್ಮು ಇದ್ದಿರಬೇಕು.” ಅಷ್ಟು ವರ್ಷ ಬೇಹುಗಾರರ ಬಗ್ಗೆ ಬರೆದ ನಾನು ಒಂದು ಗುಟ್ಟನ್ನು ನಿಜವಾಗಿ ಕಾಪಾಡಿದ್ದು ಅದೇ ಮೊದಲು. ಅಜ್ಜಿ ನನ್ನನ್ನು ಒಂದು ಗಳಿಗೆ ದಿಟ್ಟಿಸಿ ನೋಡಿದರು. ನಂಬಿದರೆಂದು ನನಗೆ ಅನ್ನಿಸುವುದಿಲ್ಲ.

ಕಾದಂಬರಿಯ ಕೊನೆಯ ಕಂತುಗಳನ್ನು ಹೊಸದಾಗಿ ಬರೆದೆ. ಕೇಂದ್ರ ಕಚೇರಿಯ ಯಾರಿಗೂ ತಿಳಿಯದಂತೆ ಇಡೀ ಆಟವನ್ನು ನಡೆಸಿದವಳು ಊರಿನ ಚಾವಡಿಯಲ್ಲಿ ಕೂತ ಅತ್ತೆ ಎಂದಾಯಿತು. ಅಜ್ಜಿ ಎರಡು ಷರತ್ತು ಹಾಕಿದ್ದರು. ಅತ್ತೆಯನ್ನು ಸಾಯಿಸಬಾರದು, ಕೊನೆಯಲ್ಲಿ ಅವಳಿಗೆ ಒಳ್ಳೆಯ ಕಾಣೆ ಮೀನಿನ ಊಟ ಹಾಕಿಸಬೇಕು. ಎರಡನ್ನೂ ಪಾಲಿಸಿದೆ. ಪುಸ್ತಕವಾಗಿ ಬಂದಾಗ ಮುಖಪುಟದಲ್ಲಿ ಪಿಸ್ತೂಲು ಬೇಡ ಎಂದು ಹಟ ಹಿಡಿದೆ. ಪ್ರಕಾಶಕರು ಒಪ್ಪಲಿಲ್ಲ. ಪಿಸ್ತೂಲಿನ ಪಕ್ಕದಲ್ಲಿ ಒಂದು ದನ ನಿಂತಿತು. ಹೆಸರು ಮಾತ್ರ ಈ ಸಲ ನನ್ನದೇ.

ಸಂಪಾದಕರು ಹೆದರಿದ ಹಾಗೆ ಏನೂ ಆಗಲಿಲ್ಲ. ಕಾಗದಗಳು ಬಂದವು, ಫೋನುಗಳು ಬಂದವು, ಬಹಳಷ್ಟು ಹೆಂಗಸರಿಂದ. ಬೈಂದೂರಿನ ಒಬ್ಬರ ಗಂಡ ಮುಂಬೈಯ ಹೋಟೆಲಿನಲ್ಲಿದ್ದಾಗ ಮನಿಯಾರ್ಡರಿನ ಕೆಳಗೆ ಬರೆಯುವ ‘ಎಲ್ಲರಿಗೂ ನಮಸ್ಕಾರ’ದಲ್ಲಿ ಒಂದು ಚುಕ್ಕೆ ಹೆಚ್ಚಿಗೆ ಇಟ್ಟರೆ ಹೊಸ ಸೀರೆ ತರುತ್ತೇನೆ ಎಂದರ್ಥವಾಗಿತ್ತಂತೆ. ಹಾಲಾಡಿಯ ಒಬ್ಬರು ಅಂಗಡಿಗೇ ಬಂದರು. ಕನ್ನಡಕಕ್ಕೆ ಅಳತೆ ಕೊಡುತ್ತ, ಮದುವೆಗೆ ಮೊದಲು ಎರಡು ಮಿಸ್ಡ್ ಕಾಲ್ ಎಂದರೆ ಬಸ್ಸು ಹತ್ತಿದೆ, ಮೂರು ಎಂದರೆ ಅಣ್ಣ ಜೊತೆಗಿದ್ದಾನೆ, ನೀನು ಬರಬೇಡ ಎಂದು ಎಲ್ಲ ಬಿಡಿಸಿ ಹೇಳಿ, ಗಂಡ ಒಳಗೆ ಬಂದ ಕೂಡಲೇ ಗೋಡೆಯ ಅಕ್ಷರ ಓದತೊಡಗಿದರು. ಇಷ್ಟೆಲ್ಲ ನಮ್ಮ ಸುತ್ತಮುತ್ತ ನಡೆಯುತ್ತಿರುವಾಗ ನಾನು ವಿಯೆನ್ನಾದಲ್ಲಿ ಏನು ಹುಡುಕುತ್ತಿದ್ದೆನೋ.

ಈಗ ಹೊಸ ಕಾದಂಬರಿಗೆ ಇವನ್ನೆಲ್ಲ ಒಟ್ಟುಮಾಡುತ್ತಿದ್ದೇನೆ. ಕೇಳಿ, ಒಪ್ಪಿಗೆ ಪಡೆದು, ಹೆಸರು ಊರು ಬದಲಿಸಿ ಬರೆದುಕೊಳ್ಳುತ್ತೇನೆ. ಕಳೆದ ತಿಂಗಳು ಬ್ರಹ್ಮಾವರದಿಂದ ಒಬ್ಬರು ಫೋನು ಮಾಡಿದರು. ಧ್ವನಿ ಕೇಳಿದರೆ ಅರವತ್ತು ದಾಟಿರಬೇಕು. ಮದುವೆಯಾದ ಮೊದಲ ವರ್ಷದಿಂದ ತಾವೂ ಗಂಡನೂ ನೆಂಟರೆದುರು ಮಾತಾಡಿಕೊಳ್ಳುವ ಗುಟ್ಟಿನ ಭಾಷೆಯನ್ನು ಕಾಲು ಗಂಟೆ ವಿವರಿಸಿದರು. ಉಪ್ಪಿನಕಾಯಿ ಭರಣಿ ಎಂದರೆ ಏನು, ಕೊಡೆ ಮರೆತೆ ಎಂದರೆ ಏನು, ಎಲ್ಲ. ನಾನು ಪುಟಗಟ್ಟಲೆ ಬರೆದುಕೊಂಡೆ. ಕೊನೆಗೆ, “ಇದನ್ನು ಬಳಸಿಕೊಳ್ಳಲೇ ಅಕ್ಕ?” ಎಂದು ಕೇಳಿದೆ.

“ಅಯ್ಯಯ್ಯೋ, ಅದ್ನ ಬರೆಯೂಕಾಗ!” ಎಂದರು ಅವರು. “ಸುಮ್ನೆ ಹೇಳ್ದೆ ಅಷ್ಟೇ. ಅದ್ ಇನ್ನೂ ಚಾಲ್ತಿಯಲ್ಲಿತ್.”